ಅಪ್‌ಡೇಟ್: ಥೈರಾಯ್ಡ್ ಮಾತ್ರೆ ಜೊತೆ ಅಶ್ವಗಂಧ ಕೇಳಿದ್ದೆನಲ್ಲ

ಗಂಗಾವತಿ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ, ಸುಗ್ಗಿಯಲ್ಲಿ ಟೆನ್ಷನ್ ಜಾಸ್ತಿ, ಮೈಯಲ್ಲಿ ಶಕ್ತಿಯೇ ಇಲ್ಲ, ಥೈರಾಯ್ಡ್ ಮಾತ್ರೆ ಜೊತೆ ಅಶ್ವಗಂಧ, ಮಲ್ಟಿವಿಟಮಿನ್ ತಗೋಬಹುದಾ ಅಂತ ಕೇಳಿದ್ದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮಾಡಿಸಿದೆ. ವಿಟಮಿನ್ ಬಿ12 ಬರೀ 148 ಇತ್ತು, 200ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ರಿಪೋರ್ಟ್‌ನಲ್ಲೇ ಪಕ್ಕಕ್ಕೆ ಬರೆದಿತ್ತು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ, ಬಿ12 ಸೊಪ್ಪು ಕಾಳಿನಲ್ಲಿ ಸಿಗುವುದಿಲ್ಲ, ಹಾಲು ಮೊಸರೇ ಗತಿ, ನನಗೆ ಅದೂ ಅಷ್ಟಕ್ಕಷ್ಟೆ. ಡಾಕ್ಟರ್ ಇಂಜೆಕ್ಷನ್ ಶುರು ಮಾಡಿದ್ದಾರೆ. ಕಾಲು ಜೋಮು ಹಿಡಿಯುವುದು ಕಡಿಮೆಯಾಗಿದೆ, ಮಧ್ಯಾಹ್ನ ರಿಜಿಸ್ಟರ್ ಮುಂದೆ ತೂಕಡಿಸುವುದೂ ಅಷ್ಟೇ.

ಅಶ್ವಗಂಧ ಬೇಡವೇ ಬೇಡ ಅಂದರು. ಅದು ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಆಗ ಮಾತ್ರೆಯ ಡೋಸ್ ಲೆಕ್ಕ ತಪ್ಪುತ್ತದೆ. ಅಪರೂಪಕ್ಕೆ ಲಿವರ್‌ಗೂ ತೊಂದರೆ ಆಗುತ್ತದಂತೆ. ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ.

ಮಲ್ಟಿವಿಟಮಿನ್ ಓಕೆ. ಆದರೆ ಅದರಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂನಿಂದ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ 4 ತಾಸಾದರೂ ಬಿಡಬೇಕು. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ರಾತ್ರಿ ರೊಟ್ಟಿ ಊಟ ಆದಮೇಲೆ ಇದು. ಇನ್ನೊಂದು, ಮಲ್ಟಿವಿಟಮಿನ್‌ನಲ್ಲಿ ಬಯೋಟಿನ್ (ಅದೂ ಒಂದು ಬಿ ವಿಟಮಿನ್) ಇದ್ದರೆ ಅದನ್ನು ಥೈರಾಯ್ಡ್ ಟೆಸ್ಟ್‌ಗೆ 2-3 ದಿನ ಮೊದಲೇ ಡಾಕ್ಟರನ್ನು ಕೇಳಿ ನಿಲ್ಲಿಸಿ, ಇಲ್ಲಾಂದ್ರೆ ರಿಪೋರ್ಟ್ ತಪ್ಪಾಗಿ ಬರಬಹುದು.