ಮಕ್ಕಳು ಹತ್ತು ನಿಮಿಷವೂ ನಿಲ್ಲಲ್ಲ, ನಮ್ಮೂರ ಪುಟ್ಟ ಮ್ಯೂಸಿಯಂನಲ್ಲಿ ಏನು ಮಾಡಲಿ?

ಬೇಲೂರು ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮತ್ತೆ ಕಾಲದ ತೊಟ್ಟಿಮನೆಯ ಮುಂದಿನ ಎರಡು ಕೋಣೆಯಲ್ಲಿ ಊರಿನ ಹಳೇ ಸಾಮಾನು ಜೋಡಿಸಿ ಇಟ್ಟಿದ್ದೇನೆ. ಆರು ವರ್ಷದಿಂದ ಮನೆಮನೆಗೆ ಹೋಗಿ ಕೇಳಿ ತಂದದ್ದು. ಬೀಸೋ ಕಲ್ಲು, ಒರಳು, ಒನಕೆ, ಮರದ ಕೊಳಗ, ಹಿತ್ತಾಳೆ ಸೇರು, ಪಾವು, ಚಟಾಕು, ಕೂರಿಗೆ, ಎತ್ತಿನ ಕೊರಳ ಗಂಟೆ, ಲಾಟೀನು, ಸ್ಲೇಟು, ಅಳಗುಳಿ ಮಣೆ... ಈಗ 160 ದಾಟಿದೆ. ಅತ್ತೆಗೆ ಎಂಬತ್ತೆರಡು. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಹೋದ ವಾರ ಒಂದು ಶಾಲೆಯ ನಲವತ್ತು ಮಕ್ಕಳು ಬಂದಿದ್ದರು. ನಾನು ಹಿಂದಿನ ದಿನವೇ ಎಲ್ಲವನ್ನೂ ಒರೆಸಿ, ಹೆಸರಿನ ಚೀಟಿ ಅಂಟಿಸಿ, 'ದಯವಿಟ್ಟು ಮುಟ್ಟಬೇಡಿ' ಅಂತ ಬೋರ್ಡು ಬರೆದಿದ್ದೆ. ಮಕ್ಕಳು ಸಾಲಾಗಿ ಬಂದರು, ಸಾಲಾಗಿ ಹೋದರು. ಹತ್ತು ನಿಮಿಷವೂ ಆಗಲಿಲ್ಲ. ಒಬ್ಬ ಹುಡುಗ ಮಾತ್ರ ಬೀಸೋ ಕಲ್ಲಿನ ಗೂಟ ಹಿಡಿದು ತಿರುಗಿಸೋಕೆ ಹೋದ. ನಾನೇ 'ಬೇಡಪ್ಪ' ಅಂದುಬಿಟ್ಟೆ. ಅವನ ಮುಖ ಸಪ್ಪಗಾಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಕಲ್ಲು ಎಷ್ಟು ವರ್ಷ ಎಷ್ಟು ಜನರ ಕೈಯಲ್ಲಿ ತಿರುಗಿದೆ. ಒಂದು ಮಗು ಒಂದು ಸುತ್ತು ತಿರುಗಿಸಿದ್ದರೆ ಏನಾಗುತ್ತಿತ್ತು?

ಭಾನುವಾರ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಬಂದು ಎರಡು ಗಂಟೆ ಕಳೆಯೋ ಹಾಗೆ ಮಾಡಬೇಕು ಅಂತ ಆಸೆ. ದುಡ್ಡು ಜಾಸ್ತಿ ಇಲ್ಲ. ಏನು ಮಾಡಬಹುದು ಹೇಳಿ.

ಹಾಸನದ ಮೇಷ್ಟ್ರು:

ಅಮ್ಮಾ, ಮೊದಲು ಆ ಬೋರ್ಡು ತೆಗೆಯಿರಿ. ಅದರ ಬದಲು ಸಾಮಾನನ್ನು ಎರಡು ಪಾಲು ಮಾಡಿ. ಒಂದೇ ಒಂದು ಇರುವ ವಸ್ತು, ಮುರಿದರೆ ಮತ್ತೆ ಸಿಗದ ವಸ್ತು, ಕಾಗದ, ಬಟ್ಟೆ ಎಲ್ಲ ಒಳಗಿನ ಕೋಣೆಗೆ. ಎರಡು ಮೂರು ಇರುವ ಗಟ್ಟಿ ಸಾಮಾನು ಹೊರಗಿನ ಕೋಣೆಗೆ. ಅಲ್ಲಿ 'ಮುಟ್ಟಿ ನೋಡಿ' ಅಂತ ಬರೆಯಿರಿ.

ಬೀಸೋ ಕಲ್ಲಿಗೆ ಒಂದು ಹಿಡಿ ರಾಗಿ ಹಾಕಿಸಿ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯಲಿ. ತಾಯಿ ಮಗಳು ಕೂತರೆ ಇನ್ನೂ ಚೆನ್ನ. ಹಿಟ್ಟು ಅಂಚಿಗೆ ಬೀಳೋದನ್ನು ನೋಡಿದ ಮಗು ಅದನ್ನು ಮರೆಯಲ್ಲ.

ಅಳತೆಯ ಪಾತ್ರೆಗಳಿಂದ ಅಂಗಡಿ ಆಟ ಮಾಡಿಸಿ. ಸೇರು ತುಂಬೋಕೆ ಎಷ್ಟು ಪಾವು ಬೇಕು ಅಂತ ಮೊದಲು ಊಹೆ ಮಾಡಲಿ, ಆಮೇಲೆ ಅಕ್ಕಿ ಸುರಿದು ನೋಡಲಿ. ನಾಲ್ಕು ಪಾವಿಗೆ ಒಂದು ಸೇರು, ಅಚ್ಚೇರು ಅಂದರೆ ಅರ್ಧ ಸೇರು. ಅದರ ಜೊತೆ ಆಣೆ ಲೆಕ್ಕ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1957ರ ಏಪ್ರಿಲ್‌ನಲ್ಲಿ ರೂಪಾಯಿಗೆ 100 ಪೈಸೆ ಅಂತ ಬದಲಾಯಿತು. ಆದರೂ ನಾವು 25 ಪೈಸೆಯನ್ನು ನಾಲ್ಕಾಣೆ ಅಂತಲೇ ಕರೆದೆವು, 'ಹದಿನಾರಾಣೆ ನಿಜ' ಅಂತ ಇವತ್ತಿಗೂ ಹೇಳುತ್ತೇವೆ. ಯಾಕೆ ಹದಿನಾರು ಅಂತ ನನ್ನ ತರಗತಿಯಲ್ಲಿ ಕೇಳಿದಾಗ ಒಬ್ಬರಿಗೂ ಗೊತ್ತಿರಲಿಲ್ಲ. ರಟ್ಟಿನಲ್ಲಿ ಆಣೆ ಕತ್ತರಿಸಿ ಕೊಟ್ಟೆ. ಅರ್ಧ ಗಂಟೆಯಲ್ಲಿ ಎಲ್ಲರೂ ವ್ಯಾಪಾರಕ್ಕೆ ಇಳಿದರು.

ಇನ್ನೊಂದು. ನಿಮ್ಮ ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ, 16 ಸಾಲು. ಮೂಲ ಕಲ್ಲು ಈಗ ಆ ಊರಲ್ಲಿಲ್ಲ, ಪ್ರತಿಕೃತಿ ಇದೆ. ಶಾಸನ ಅಂದರೆ ಮಕ್ಕಳಿಗೆ ಪರೀಕ್ಷೆಯ ಪ್ರಶ್ನೆ ಅಷ್ಟೇ ಆಗಿಬಿಟ್ಟಿದೆ, ಅಲ್ವಾ? ಜೇಡಿಮಣ್ಣಿನ ಹಲಗೆ ಮಾಡಿ, ಕಡ್ಡಿ ಕೊಟ್ಟು, ಅವರ ಮನೆಯದೇ ಒಂದು ಶಾಸನ ಬರೆಸಿ. ಹಳೇ ದಾನಶಾಸನದ ಕ್ರಮವೇ ಸಾಕು. ಮೇಲೆ ಸೂರ್ಯ ಚಂದ್ರ, ಅವರಿಬ್ಬರು ಇರೋವರೆಗೂ ಇದು ಉಳಿಯಲಿ ಅಂತ. ಆಮೇಲೆ ಯಾರು, ಯಾರಿಗೆ, ಏನು ಕೊಟ್ಟರು. ಕೊನೆಗೆ ಇದನ್ನು ಕೆಡಿಸಿದವರಿಗೆ ಶಾಪ. ಶಾಪ ಬರೆಯೋಕೆ ಮಕ್ಕಳು ಎಷ್ಟು ತಲೆ ಓಡಿಸುತ್ತಾರೆ ನೋಡಿ.

ಹಳೇಬೀಡು ಗೈಡ್:

ಅಕ್ಕಾ, ನಾನು ದಿನಾ ದೇವಸ್ಥಾನದಲ್ಲಿ ಮಕ್ಕಳನ್ನು ನೋಡುವವನು. ಎಲ್ಲ ತೋರಿಸಿದರೆ ಏನೂ ನೋಡಲ್ಲ. ಒಂದನ್ನು ಹುಡುಕು ಅಂದರೆ ಗಂಟೆಗಟ್ಟಲೆ ಹುಡುಕುತ್ತಾರೆ. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೆಳಗಿನ ಸಾಲು ಪೂರ್ತಿ ಆನೆ. ಬಟ್ಟೆ, ಗಂಟೆ, ಮಾವುತ, ಒಂದೊಂದರಲ್ಲೂ ಏನಾದರೂ ಬೇರೆ ಸಿಗುತ್ತದೆ. 'ಎರಡು ಆನೆ ಹಿಡಿ, ಐದು ವ್ಯತ್ಯಾಸ ಹೇಳು' ಅಂತ ಬಿಟ್ಟರೆ ಅಪ್ಪಂದಿರೂ ಬಗ್ಗಿ ನೋಡುತ್ತಾರೆ. ನಿಮ್ಮಲ್ಲಿ ಎರಡು ಮೂರು ಲಾಟೀನು ಇದ್ದರೆ ಇದೇ ಆಟ ಆಡಿಸಿ.

ಊರಲ್ಲಿ ವೀರಗಲ್ಲು ಇದ್ದರೆ ಅಲ್ಲಿಗೂ ಕರೆದುಕೊಂಡು ಹೋಗಿ. ಅದನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ, ಬಹಳ ಕಡೆ ಕಳ್ಳರಿಂದ ದನ ಉಳಿಸಲು ಹೋಗಿ ಸತ್ತವನ ಕಥೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿರುತ್ತಾನೆ. ಮೇಲಿನ ಎರಡು ಪಟ್ಟಿಗೆ ಬಟ್ಟೆ ಮುಚ್ಚಿ 'ಮುಂದೆ ಏನಾಯಿತು?' ಅಂತ ಕೇಳಿ, ಒಂದೊಂದಾಗಿ ತೆಗೆಯಿರಿ. ಆದರೆ ದಯವಿಟ್ಟು ಕಲ್ಲನ್ನು ಎತ್ತಿಸಿ ನಿಮ್ಮ ಕೋಣೆಗೆ ತರಬೇಡಿ. ಅದು ನಿಂತ ಜಾಗವೂ ಕಥೆಯ ಒಂದು ಭಾಗ. ನೂರು ವರ್ಷಕ್ಕಿಂತ ಹಳೇ ಶಿಲ್ಪ ಮನೆಯಲ್ಲಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೋಂದಣಿ ಕೂಡ ಮಾಡಿಸಬೇಕು.

ಬಳಪದ ಕಲ್ಲಿನ ಚೂರು ಸಿಕ್ಕರೆ ತನ್ನಿ. ಬೇಲೂರು, ಹಳೇಬೀಡು ಕೆತ್ತಿದ್ದು ಆ ಜಾತಿಯ ಕಲ್ಲಿನಲ್ಲೇ. ಹೊಸದಾಗಿ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮೊಳೆಯಲ್ಲಿ ಗೀರಿದರೂ ಗೆರೆ ಮೂಡುತ್ತದೆ. ಸ್ಲೇಟಿನ ಮೇಲೆ ಬರೆದ ಬಳಪಕ್ಕೂ ಗುಡಿಯ ಮದನಿಕೆಗೂ ನಂಟಿದೆ ಅಂದಾಗ ಮಕ್ಕಳ ಕಣ್ಣು ಅರಳುವುದನ್ನು ನಾನೇ ನೋಡಿದ್ದೇನೆ. ಕಲ್ಲನ್ನು ನೆನೆಸಿ, ಅಂಗಳದಲ್ಲಿ ಕೂರಿಸಿ ಕೆತ್ತಿಸಿ. ಪುಡಿ ಮೂಗಿಗೆ ಹೋಗಬಾರದು.

ಚಿಕ್ಕಮಗಳೂರು ತೋಟದಿಂದ:

ನಮ್ಮ ಕಡೆ ಮಕ್ಕಳು ಕಾಫಿ ಬೋರ್ಡಿನ ಮ್ಯೂಸಿಯಂ ನೋಡುತ್ತಾರೆ, ಬಾಬಾ ಬುಡನ್ ಏಳು ಬೀಜ ತಂದ ಕಥೆ ಕೇಳುತ್ತಾರೆ. ಆದರೆ ನಮ್ಮ ಮನೆಗೆ ಬಂದವರು ನೆನಪಿಟ್ಟುಕೊಳ್ಳೋದು ವಾಸನೆ. ಹಸಿ ಬೀಜ, ಅರ್ಧ ಹುರಿದದ್ದು, ಪೂರ್ತಿ ಹುರಿದದ್ದು ಮೂರು ಡಬ್ಬಿಯಲ್ಲಿಟ್ಟು ಕಣ್ಣು ಕಟ್ಟಿ ಮೂಸಿಸುತ್ತೇವೆ. ನೀವು ಸೀಮೆಎಣ್ಣೆ, ಕಂಬಳಿ, ಹೊಗೆ ಹಿಡಿದ ಬಿದಿರಿನ ಬುಟ್ಟಿ ಇಡಬಹುದು. ಗೊರಬು, ಅಂದರೆ ಮಳೆಗೆ ತಲೆ ಬೆನ್ನು ಮುಚ್ಚಿಕೊಳ್ಳೋ ಬಿದಿರು ಎಲೆಯ ಹೊದಿಕೆ, ಸಿಕ್ಕರೆ ಬಿಡಬೇಡಿ. ಅದನ್ನು ತಲೆ ಮೇಲಿಂದ ಹಾಕಿ ಬಗ್ಗಿಸಿ ನಿಲ್ಲಿಸಿ, ಮೇಲಿಂದ ಚೊಂಬಿನಲ್ಲಿ ನೀರು ಸುರಿಯಿರಿ. ಮಳೆಯಲ್ಲಿ ನಾಟಿ ಹೇಗೆ ಮಾಡುತ್ತಿದ್ದರು ಅಂತ ಆಮೇಲೆ ಯಾರೂ ವಿವರಿಸಬೇಕಾಗಿಲ್ಲ.

ಒಂದು ಮಾತು ಅಕ್ಕಾ, 'ಒರೆಸಿದೆ' ಅಂದಿರಲ್ಲ. ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಾನು ಅಜ್ಜನ ತಾಮ್ರದ ಹಂಡೆಯನ್ನು ಹಾಗೆ ಫಳಫಳ ಮಾಡಿದೆ. ಅದರ ಮೇಲೆ ಕೊರೆದಿದ್ದ ಹೆಸರು ಮೊದಲೇ ಸವೆದಿತ್ತು, ಈಗ ಓದೋಕೇ ಬರಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒಣ ಬಟ್ಟೆ ಸಾಕು. ಚೀಟಿಯನ್ನೂ ಗೋಂದಿನಲ್ಲಿ ಅಂಟಿಸಬೇಡಿ. ಹತ್ತಿ ದಾರದಲ್ಲಿ ಕಟ್ಟಿ, ಅದರಲ್ಲಿ ನಂಬರು ಮಾತ್ರ ಬರೆದು, ಉಳಿದದ್ದು ಒಂದು ಪುಸ್ತಕದಲ್ಲಿ. ಯಾರ ಮನೆಯದು, ಯಾವಾಗ ಕೊಟ್ಟರು, ಅವರ ಮನೆಯಲ್ಲಿ ಅದಕ್ಕೆ ಏನಂತಿದ್ದರು. ಈ ಕೊನೆಯದು ಮುಖ್ಯ. ಒಂದೇ ವಸ್ತುವಿಗೆ ನಿಮ್ಮಲ್ಲಿ ಒಂದು ಹೆಸರು, ನಮ್ಮಲ್ಲಿ ಇನ್ನೊಂದು.

ಬೇಲೂರು ಕಡೆಯವಳು:

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ. ಮೊನ್ನೆ ಭಾನುವಾರ ಪಕ್ಕದ ಬೀದಿಯ ನಾಲ್ಕು ಮನೆಯವರನ್ನು ಕರೆದಿದ್ದೆ. ಒಂಬತ್ತು ಮಕ್ಕಳು. ಬೋರ್ಡು ತೆಗೆದಿದ್ದೆ. ಚೀಟಿ ಎಲ್ಲ ಕಿತ್ತು ದಾರ ಕಟ್ಟೋಕೆ ಮೂರು ಸಂಜೆ ಹಿಡಿಯಿತು. ಹುಣಸೆಹಣ್ಣಿನ ಮಾತು ಸರಿಯಾದ ಹೊತ್ತಿಗೆ ಬಂತು, ಬಿಂದಿಗೆಗಳನ್ನು ತಿಕ್ಕೋಕೆ ನೆನೆಹಾಕಿಬಿಟ್ಟಿದ್ದೆ.

ಅಂಗಡಿ ಆಟಕ್ಕೆ ಜಾಗ ಸಾಲಲಿಲ್ಲ, ಜಗಲಿಗೆ ಬಂತು. ಮಣ್ಣಿನ ಶಾಸನ ಏಳು ಆದವು. ಒಬ್ಬಳು ತನ್ನ ತಮ್ಮನಿಗೆ ಸೈಕಲ್ಲು ದಾನ ಕೊಟ್ಟಿದ್ದಾಳೆ, ಸೂರ್ಯ ಚಂದ್ರ ಇರೋವರೆಗೆ. ಕೆಡಿಸಿದವರಿಗೆ ದಿನಾ ಮೂರು ಹೊತ್ತು ಹಾಗಲಕಾಯಿ ಪಲ್ಯ ಅಂತ ಶಾಪ. ನೆರಳಲ್ಲಿ ಒಣಗಿಸಿ ಕಿಟಕಿಯ ಕೆಳಗೆ ಜೋಡಿಸಿದ್ದೇನೆ. ಅವಕ್ಕೂ ನಂಬರು ಕೊಟ್ಟೆ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಬೇರೆ. ಬೀಸೋ ಕಲ್ಲಿಗೆ ರಾಗಿ ಹಾಕಿ ಇಬ್ಬರು ಹುಡುಗಿಯರು ಕೂತರು. ಕಲ್ಲು ಜಗ್ಗಲಿಲ್ಲ. ನಾನು ಏನೇನೋ ಹೇಳಿಕೊಟ್ಟೆ, ಆಗಲಿಲ್ಲ. ಅತ್ತೆ ಕುರ್ಚಿಯಿಂದ ಎದ್ದು ಬಂದರು. ಮಂಡಿ ನೋವಿಗೆ ಅವರು ನೆಲದ ಮೇಲೆ ಕೂತು ಎರಡು ವರ್ಷ ಆಗಿತ್ತು. ಗೋಡೆ ಹಿಡಿದು ಕೂತು, ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ, ಗೂಟ ಹಿಡಿದರು. 'ತಳ್ಳಬೇಡ ಮಗಾ, ಸುಮ್ನೆ ಕೈ ಇಟ್ಟು ನನ್ನ ಜೊತೆ ಬಾ' ಅಂದರು. ಕಲ್ಲು ತಿರುಗಿತು. ನಾಲ್ಕು ಸುತ್ತು ಆದ ಮೇಲೆ ಅತ್ತೆ ಹಾಡೋಕೆ ಶುರು ಮಾಡಿದರು. ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷ. ಆ ಬೀಸೋ ಪದ ಒಂದು ದಿನವೂ ಕೇಳಿರಲಿಲ್ಲ. ನಾನು ಬರುವ ಹೊತ್ತಿಗೆ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು.

ಮಧ್ಯೆ ಎರಡು ಸಾಲು ಮರೆತುಹೋಗಿದೆ ಅಂದರು. ಪಕ್ಕದ ಮನೆಯ ಅಜ್ಜಿಗೆ ಬರಬಹುದು ಅಂತ ಅವರೇ ಹೇಳಿದ್ದಾರೆ. ಈ ಭಾನುವಾರ ಇಬ್ಬರನ್ನೂ ಎದುರುಬದುರು ಕೂರಿಸುತ್ತೇನೆ, ಮಗ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾನೆ. ಮೇಷ್ಟ್ರೇ, ಹಾಡನ್ನು ಆ ಪುಸ್ತಕದಲ್ಲಿ ಹೇಗೆ ಬರೆದುಕೊಳ್ಳಲಿ? ಬೀಸೋ ಕಲ್ಲಿನ ನಂಬರಿನ ಕೆಳಗೇನಾ, ಇಲ್ಲ ಅದಕ್ಕೆ ಬೇರೆ ನಂಬರಾ?

ಹಾಸನದ ಮೇಷ್ಟ್ರು:

ಬೇರೆ ನಂಬರು ಕೊಡಿ ಅಮ್ಮಾ. ಕೊಟ್ಟವರು ಅನ್ನೋ ಕಡೆ ನಿಮ್ಮತ್ತೆಯ ಹೆಸರು. ಹಾಡಿನ ಮಾತನ್ನು ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಮರೆತ ಎರಡು ಸಾಲಿಗೆ ಜಾಗ ಬಿಟ್ಟಿರಿ.