ಇವೊನ್ ಕಾನಲಿ ಬಗ್ಗೆ ಎಂಟು ನಿಮಿಷದ ನುಡಿನಮನ: ಕರಡು ನೋಡಿ ತಿದ್ದಿ

ಬಿಎಡ್_ದಾವಣಗೆರೆ:
ಕಾಲೇಜಿನ ಶಿಕ್ಷಕರ ದಿನಕ್ಕೆ ಹೊರದೇಶದ ಶಿಕ್ಷಕರೊಬ್ಬರ ನೆನಪಿನ ಭಾಷಣ ಮಾಡಬೇಕು, ಜೊತೆಗೆ ಒಂದು ಭಿತ್ತಿಪತ್ರ. ಆರಿಸಿರೋದು ಜಮೈಕಾದಿಂದ ಲಂಡನ್ನಿಗೆ ಹೋಗಿ ಹೆಡ್ ಮಿಸ್ ಆದ ಇವೊನ್ ಕಾನಲಿ ಅವರನ್ನ. ಕರಡಿನ ಮೊದಲ ಸಾಲು: "1948ರಲ್ಲಿ ವಿಂಡ್‌ರಷ್ ಹಡಗಿನಲ್ಲಿ ಬಂದ ಇವರು ಬ್ರಿಟನ್ನಿನ ಮೊದಲ ಕಪ್ಪುಜನಾಂಗದ ಮುಖ್ಯಶಿಕ್ಷಕರು." ಸರಿಯಿದೆಯಾ? ಕೇಳುವವರಿಗೆ ಜಮೈಕಾ ಅಂದ್ರೆ ಉಸೇನ್ ಬೋಲ್ಟ್, ಕ್ರಿಸ್ ಗೇಲ್, ಅಷ್ಟೇ.

ಹಳೇಪೇಟೆ_ಮೇಷ್ಟ್ರು:
ಒಂದೇ ಸಾಲಲ್ಲಿ ಎರಡು ತಪ್ಪು. ಅವರು ಹುಟ್ಟಿದ್ದು 12 ಜೂನ್ 1939. ವಿಂಡ್‌ರಷ್ ಹಡಗು ಕೆರಿಬಿಯನ್ ವಲಸಿಗರನ್ನ ಹೊತ್ತು ಇಂಗ್ಲೆಂಡಿನ ಟಿಲ್ಬರಿ ಬಂದರಿಗೆ ಬಂದ ಜೂನ್ 1948ರಲ್ಲಿ ಅವರಿಗೆ ಒಂಬತ್ತು ವರ್ಷ, ಜಮೈಕಾದಲ್ಲೇ ಇದ್ದರು. ಇಂಗ್ಲೆಂಡಿಗೆ ಬಂದಿದ್ದು 1963ರಲ್ಲಿ. 1948ರಿಂದ 70ರ ದಶಕದ ಶುರುವಿನ ತನಕ ಕೆರಿಬಿಯನ್ನಿನಿಂದ ಬಂದವರನ್ನೆಲ್ಲ 'ವಿಂಡ್‌ರಷ್ ತಲೆಮಾರು' ಅನ್ನೋದರಿಂದ ಎಲ್ಲರನ್ನೂ ಅದೇ ಹಡಗಿಗೆ ಹತ್ತಿಸಿಬಿಡ್ತಾರೆ.

ಎರಡನೇದು, 'ಮೊದಲ' ಅನ್ನೋ ಪದ. 1967ರಲ್ಲೇ ಸ್ಮೆಥಿಕ್ ಊರಿನ ಶಾಲೆಗೆ ಜಮೈಕಾದವರೇ ಆದ ಟೋನಿ ಓಕಾನರ್ ಮುಖ್ಯಶಿಕ್ಷಕರಾಗಿದ್ದರು. ಹಾಗಾಗಿ 'ಮೊದಲ ಕಪ್ಪು ಮಹಿಳಾ ಮುಖ್ಯಶಿಕ್ಷಕಿ' ಅಂತ ಬರೀರಿ. ಮಹಿಳೆ, ಶಿಕ್ಷಕಿ ಎರಡೂ ಬಂದು ಕಿವಿಗೆ ಸ್ವಲ್ಪ ಹೆಚ್ಚಾಯ್ತು ಅನ್ನಿಸಿದ್ರೂ ಪರವಾಗಿಲ್ಲ.

ಕಿಂಗ್‌ಸ್ಟನ್ನಿನ ಶಾರ್ಟ್‌ವುಡ್ ಕಾಲೇಜಲ್ಲಿ ಶಿಕ್ಷಕಿ ತರಬೇತಿ, ಲಂಡನ್ನಿನಲ್ಲಿ ಜಾರ್ಜ್ ಎಲಿಯಟ್ ಶಾಲೆಯಲ್ಲಿ ಪಾಠ, 1969ರಲ್ಲಿ ಹಾಲೊವೇ ಭಾಗದ ರಿಂಗ್ ಕ್ರಾಸ್ ಪ್ರಾಥಮಿಕ ಶಾಲೆಗೆ ಹೆಡ್ ಮಿಸ್. ಆಗ ವಯಸ್ಸು 29. ಇದನ್ನು ಬೇಗ ದಾಟಿ, ಆ ವರ್ಷದ ಹತ್ತಿರ ನಿಲ್ಲಿ. 20 ಏಪ್ರಿಲ್ 1968ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಸದ ಎನೋಕ್ ಪೊವೆಲ್ ವಲಸಿಗರ ವಿರುದ್ಧ ಮಾಡಿದ ಭಾಷಣದ ಕಾವು ಇನ್ನೂ ಆರಿರಲಿಲ್ಲ. ಇವರ ನೇಮಕದ ಸುದ್ದಿ ಹೊರಬಿದ್ದಾಗ ಶಾಲೆಗೇ ಬೆಂಕಿ ಹಚ್ಚುತ್ತೇವೆ ಅನ್ನೋ ಬೆದರಿಕೆ ಬಂತು. ಪೊವೆಲ್ ಭಾಷಣ ಹೇಳದೆ ಬೆದರಿಕೆ ಮಾತ್ರ ಹೇಳಿದರೆ ಯಾರೋ ಒಬ್ಬ ತಲೆಕೆಟ್ಟವನ ಕೆಲಸ ಅನ್ನಿಸುತ್ತೆ.

ಅಂದಹಾಗೆ, 'ಯವೊನ್ನೆ' ಅಂತ ಓದಬೇಡಿ. ಅಲ್ಲಿ ವೈ ಅಕ್ಷರಕ್ಕೆ 'ಇ' ಉಚ್ಚಾರ.

ಚಿನ್ಮೂಲಾದ್ರಿ:
'ಮೊದಲ' ಅನ್ನೋದನ್ನೇ ಎಂಟು ನಿಮಿಷ ಹೊಗಳಿದರೆ ಪದಕ ಕೊಟ್ಟ ಹಾಗಾಗುತ್ತೆ, ಶಿಕ್ಷಕಿ ಕಾಣಲ್ಲ. ಆ ಕಾಲದ ತರಗತಿಯೊಳಗೆ ಏನು ನಡೀತಿತ್ತು ಅಂತ ತೋರಿಸಿ.

ಕೆರಿಬಿಯನ್ ಮಕ್ಕಳನ್ನು 'ಕಲಿಕೆಯಲ್ಲಿ ಸಾಮಾನ್ಯರಿಗಿಂತ ಕೆಳಗಿನವರು' ಅಂತ ಬೇರೆ ಶಾಲೆಗೆ ದಬ್ಬುತ್ತಿದ್ದರು. 1971ರಲ್ಲಿ ಗ್ರೆನಡಾದ ಬರ್ನಾರ್ಡ್ ಕೋರ್ಡ್ ಕಿರುಪುಸ್ತಕ ಬರೆದು ಇದನ್ನು ಬಯಲಿಗೆಳೆದರು. ಒಂದು ಕಾರಣ ಭಾಷೆ. ಜಮೈಕಾದ ಪ್ಯಾಟ್ವಾ ಆಫ್ರಿಕಾದ ಭಾಷೆಗಳು, ಇಂಗ್ಲಿಷ್ ಕೂಡಿ ಬೆಳೆದ ನುಡಿ, ಅದಕ್ಕೆ ತನ್ನದೇ ವ್ಯಾಕರಣ ಇದೆ. 'ಪಿಕ್ನಿ' ಅಂದ್ರೆ ಮಗು, 'ನ್ಯಾಮ್' ಅಂದ್ರೆ ತಿನ್ನು. ಅಲ್ಲಿನ ಇಂಗ್ಲಿಷ್ ಮೇಷ್ಟ್ರ ಕಿವಿಗೆ ಅದು ಕೆಟ್ಟ ಇಂಗ್ಲಿಷ್.

ಜಮೈಕಾದಲ್ಲಿ ನಲ್ಲಿಗೆ 'ಪೈಪ್' ಅಂತಾರೆ. ಬುದ್ಧಿಮತ್ತೆ ಪರೀಕ್ಷೆಯಲ್ಲಿ ಚಿತ್ರ ತೋರಿಸಿ 'ಟ್ಯಾಪ್' ಅನ್ನೋ ಉತ್ತರವನ್ನೇ ಕಾಯ್ತಾ ಕೂತರೆ, ದಿನಾ ಅದರಿಂದಲೇ ನೀರು ಹಿಡಿಯೋ ಮಗುವಿಗೂ ಸೊನ್ನೆ. ನಮ್ಮಲ್ಲಿ ನಳ, ನಲ್ಲಿ, ಕೊಳಾಯಿ ಅಂತ ಮೂರು ಇಲ್ವಾ? ಹಾಗೆ ಹೇಳಿ, ಸಭೆಗೆ ತಟ್ಟನೆ ಹತ್ತುತ್ತೆ.

ಹಕಾರದ್ದು ಇನ್ನೂ ಚೆಂದ. ಪ್ಯಾಟ್ವಾದಲ್ಲಿ 'ಹೌಸ್' ಹೋಗಿ 'ಔಸ್' ಆಗುತ್ತೆ, 'ಎಗ್' ಹೋಗಿ 'ಹೆಗ್' ಆಗುತ್ತೆ. ನಮ್ಮ ಹಳ್ಳಿ ಮಕ್ಕಳು ಹಾಲನ್ನ 'ಆಲು' ಅಂತ ಬರೆದು, ತಿದ್ದಿಸಿಕೊಂಡ ಮೇಲೆ ಭಯಕ್ಕೆ ಆನೆಯನ್ನ 'ಹಾನೆ' ಮಾಡ್ತಾರಲ್ಲ, ಅದೇ ಲೆಕ್ಕ. ದಡ್ಡತನ ಅಲ್ಲ, ನಿಯಮವನ್ನ ಎಲ್ಲಿ ಹಚ್ಚಬೇಕು ಅನ್ನೋ ಗೊಂದಲ. ಹೊಳಲ್ಕೆರೆ, ಜಗಳೂರು ಕಡೆಯ ತಾಂಡಾಗಳಿಂದ ಬರೋ ಲಂಬಾಣಿ ಮಾತಿನ ಮಕ್ಕಳಿಗೆ ಪಾಠ ಮಾಡೋ ಬಿ.ಎಡ್. ಗುಂಪಿಗೆ ಇದಕ್ಕಿಂತ ವಿವರಣೆ ಬೇಡ.

ಆಮೇಲೆ 1978ರಲ್ಲಿ ಕಾನಲಿ ಲಂಡನ್ನಿನ ಶಿಕ್ಷಣ ಪ್ರಾಧಿಕಾರದ ಬಹುಜನಾಂಗೀಯ ಶಿಕ್ಷಣದ ತಪಾಸಣಾ ತಂಡ ಸೇರಿದ್ದು, ಕೆರಿಬಿಯನ್ ಶಿಕ್ಷಕರ ಸಂಘ ಕಟ್ಟಿದ್ದು ಹೇಳಿ. ಒಂದು ಶಾಲೆಯ ಆಚೆಗೂ ಕೈ ಚಾಚಿದರು ಅನ್ನೋದು ಆಗ ಅರ್ಥ ಆಗುತ್ತೆ. ತೀರಿಕೊಂಡಿದ್ದು 27 ಜನವರಿ 2021.

ಬಿಎಡ್_ದಾವಣಗೆರೆ:
ಇಬ್ಬರಿಗೂ ಧನ್ಯವಾದ ಸರ್. ಇಷ್ಟೆಲ್ಲ 8 ನಿಮಿಷಕ್ಕೆ ಹಿಡಿಯುತ್ತಾ? ಭಿತ್ತಿಪತ್ರ ಡಿಟಿಪಿ ಅಂಗಡಿಗೆ ಕೊಡೋದಾ?

ನುಡಿ_ಯೂನಿಕೋಡ್:
ನಿಧಾನಕ್ಕೆ ಓದಿದರೆ ನಿಮಿಷಕ್ಕೆ 90 ಪದ, ಅಲ್ಲಿಗೆ 720. ಪರದೇಶದ ಹೆಸರುಗಳಲ್ಲಿ ನಾಲಿಗೆ ತಡವರಿಸುತ್ತೆ, ಆದ್ದರಿಂದ 600ಕ್ಕೆ ನಿಲ್ಲಿಸಿ. ಹುಟ್ಟು, ತರಬೇತಿಗೆ ಒಂದು ನಿಮಿಷ ಸಾಕು, 1969ಕ್ಕೆ ಎರಡು, ಭಾಷೆಯ ವಿಷಯಕ್ಕೆ ಮೂರು. ಇಸವಿಗಳನ್ನ ಭಾಷಣದಲ್ಲಿ ನಾಲ್ಕಕ್ಕಿಂತ ಹೆಚ್ಚು ಹೇಳಬೇಡಿ, ಉಳಿದದ್ದು ಗೋಡೆ ಮೇಲಿರಲಿ.

22×28 ಇಂಚಿನ ಡ್ರಾಯಿಂಗ್ ಶೀಟ್ ತಗೊಳ್ಳಿ, ಹೆಸರು ಎರಡು ಇಂಚು ಎತ್ತರದ ಅಕ್ಷರದಲ್ಲಿ, ಒಳಬರಹ 28 ಪಾಯಿಂಟ್. 5×7 ಇಂಚಿನ ಫೋಟೊ ಮಸುಕಾಗದಿರಲು 1500×2100 ಪಿಕ್ಸೆಲ್ ಬೇಕು. ವಾಟ್ಸಾಪಲ್ಲಿ ಫೋಟೊ ಅಂತ ಕಳಿಸಿದರೆ ಕುಗ್ಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

ನಿಜವಾಗಿ ಕೈಕೊಡೋದು ಫಾಂಟು. ಯೂನಿಕೋಡ್ ಬರಹವನ್ನ ಹಳೇ ಪೇಜ್‌ಮೇಕರ್‌ಗೆ ಅಂಟಿಸಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. 'ನುಡಿ' ತಂತ್ರಾಂಶದ ಹಳೇ ಫಾಂಟಿಗೆ ಪರಿವರ್ತಿಸಿದರೆ ಓದಬಹುದು, ಆದರೆ 'ಜಾರ್ಜ್' ಪದದ ಅರ್ಕಾವತ್ತು, 'ಶಾರ್ಟ್‌ವುಡ್'ನ ಒತ್ತು ಜಾಗ ತಪ್ಪಿರುತ್ತೆ. 'ವಿಂಡ್‌ರಷ್' ಇದ್ದದ್ದು 'ವಿಂಡ್ರಷ್' ಆಗುತ್ತೆ, ಯಾಕಂದ್ರೆ ಮಧ್ಯದ ಕಾಣದ ಅಕ್ಷರ ಬಿದ್ದುಹೋಗಿರುತ್ತೆ. ನೀವೇ ಪಿಡಿಎಫ್ ಮಾಡಿ ಪೆನ್‌ಡ್ರೈವಲ್ಲಿ ಕೊಡಿ. ಮೊದಲು ಎ4 ಹಾಳೆಯಲ್ಲಿ ಕಪ್ಪು-ಬಿಳುಪು ಪ್ರತಿ ತೆಗೆಸಿ, ಈ ಮೂರು ಪದಗಳನ್ನ ಬೆರಳಿಟ್ಟು ನೋಡಿ, ಆಮೇಲೆ ಬಣ್ಣದ್ದಕ್ಕೆ ಹೇಳಿ.