ಪದಚರ್ಚೆ: ಲೈನ್ ‘ಟ್ರಿಪ್’ ಆಗೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಆದ್ರೆ ಕೇಳೋಕೆ ಮುಂಚೆ ಸ್ವಲ್ಪ ಕಥೆ ಹೇಳ್ಬೇಕು, ಉದ್ದ ಆದ್ರೆ ಬೈಕೋಬೇಡಿ. ನಮ್ಮೂರ ಹೈಸ್ಕೂಲ್ ಮೇಷ್ಟ್ರೊಬ್ರು ಮಕ್ಕಳಿಗೆ ಗೋಡೆ ಪತ್ರಿಕೆ ಮಾಡಿಸ್ತಾರೆ, ಈ ಸಲ ಪವರ್ ಗ್ರಿಡ್ (ಕರೆಂಟ್ ಹುಟ್ಟೋ ಜಾಗದಿಂದ ಮನೆವರೆಗಿನ ಲೈನ್‌ಗಳ ಜಾಲ) ಅಂದ್ರೇನು, ಅದು ಹೇಗೆ ನಡೆಯುತ್ತೆ, ಹೇಗೆ ಕೈಕೊಡುತ್ತೆ ಅಂತ ಎರಡು ಪುಟ ಬರ್ಕೊಡಿ ಅಂದ್ರು, ನಾನೂ ಹೂಂ ಅಂದ್ಬಿಟ್ಟೆ. ಬರೆಯೋಕೆ ಕೂತ್ರೆ ಮೂರನೇ ಸಾಲಿಗೇ ‘ಟ್ರಿಪ್’ ಬಂತು, ಅಲ್ಲೇ ನಿಂತೋದೆ.

ಟ್ರಿಪ್ ಅಂದ್ರೆ ಏನು ಅಂತ ಎಲ್ರಿಗೂ ಗೊತ್ತು. ಲೈನಲ್ಲಿ ತಡೆಯೋದಕ್ಕಿಂತ ಜಾಸ್ತಿ ಕರೆಂಟ್ ಹರಿದ್ರೆ, ಅಥವಾ ತಂತಿಗೆ ಕೊಂಬೆ ತಗುಲಿದ್ರೆ, ಕರೆಂಟ್ ಸ್ಟೇಷನ್ನಲ್ಲಿರೋ ರಿಲೇ ಅನ್ನೋ ಕಾವಲು ಸಾಧನ ಅದನ್ನ ಹಿಡಿದು ಬ್ರೇಕರ್ ಅನ್ನೋ ದೊಡ್ಡ ಸ್ವಿಚ್ಚಿಗೆ ಹೇಳುತ್ತೆ, ಬ್ರೇಕರ್ ತೆರ್ಕೊಂಡು ಲೈನನ್ನ ಬೇರೆ ಮಾಡುತ್ತೆ, ಇಷ್ಟೂ ರೆಪ್ಪೆ ಬಡಿಯೋದ್ರೊಳಗೆ. ನಮ್ಮ ಮಧುಗಿರಿ ಕಡೆ ‘ಟ್ರಿಪ್ ಆಯ್ತು’ ಅಂತಾರೆ, ಪದೇಪದೇ ಆದ್ರೆ ‘ಟ್ರಿಪ್ ಹೊಡೀತಾ ಐತೆ’. ಮರಳಿನ ಟ್ರ್ಯಾಕ್ಟರೂ ಟ್ರಿಪ್ ಹೊಡೆಯುತ್ತೆ, ಸ್ಟೇಷನ್ನಿಂದ ಊರಿಗೆ ಕರೆಂಟ್ ತರೋ ಫೀಡರ್ ಲೈನೂ ಟ್ರಿಪ್ ಹೊಡೆಯುತ್ತೆ, ಯಾರಿಗೂ ಗೊಂದಲ ಆಗಲ್ಲ. ಟ್ರಿಪ್ ಅಂತಲೇ ಬಿಡಬಹುದಿತ್ತು, ಅದು ಕನ್ನಡವೇ ಆಗಿಹೋಗಿದೆ. ಆದ್ರೆ ಮೇಷ್ಟ್ರು ‘ಒಂದ್ಸಲನಾದ್ರೂ ಕನ್ನಡದಲ್ಲಿ ಅದು ಏನು ಮಾಡುತ್ತೆ ಅಂತ ಹೇಳಿ ಸಾರ್, ಆಮೇಲೆ ಟ್ರಿಪ್ ಅನ್ನಿ’ ಅಂದ್ರು, ಅದೂ ನ್ಯಾಯವೇ.

ಪೇಪರ್‌ನೋರು ‘ಗ್ರಿಡ್ ಕುಸಿತ’ ಅಂತ ಬರೀತಾರೆ. ಈ ಕುಸಿತ ಅನ್ನೋ ಪದದ ಮೇಲೆ ನಂಗೆ ತಕರಾರಿದೆ. ಕುಸಿತ ಅಂದ ತಕ್ಷಣ ಮಳೆಗೆ ನೆಂದ ಮಣ್ಣಿನ ಗೋಡೆ ಕಣ್ಮುಂದೆ ಬರುತ್ತೆ, ಏನೋ ಹಳೇದಾಗಿತ್ತು ಬಿತ್ತು ಅಂತ. 2012ರ ಜುಲೈ 30ರ ಬೆಳಗಿನ ಜಾವ ಎರಡೂವರೆ ಹೊತ್ತಿಗೆ ಉತ್ತರ ಭಾರತ ಪೂರ್ತಿ ಕತ್ತಲಾಯ್ತಲ್ಲ, ಮಾರನೇ ದಿನ ಮಧ್ಯಾಹ್ನ ಒಂದು ಗಂಟೆಗೆ ಪೂರ್ವ, ಈಶಾನ್ಯನೂ ಸೇರ್ಕೊಂಡು 60 ಕೋಟಿಗೂ ಹೆಚ್ಚು ಜನ ಇರೋ ಜಾಗಕ್ಕೆ ಕರೆಂಟ್ ಇರಲಿಲ್ಲ, ಆವಾಗ ಬಿದ್ದಿದ್ದು ಏನು? ಏನೂ ಇಲ್ಲ. ಒಂದು ಕಂಬನೂ ಉರುಳಲಿಲ್ಲ. ಬೀನಾ-ಗ್ವಾಲಿಯರ್ 400 ಕೆವಿ ಲೈನ್ ಮೇಲೆ ಲೋಡ್ ಜಾಸ್ತಿ ಇತ್ತು, ವೋಲ್ಟೇಜ್ ಇಳಿದಿತ್ತು, ಕರೆಂಟ್ ಏರಿತ್ತು, ದೂರದಲ್ಲೆಲ್ಲೋ ಶಾರ್ಟ್ ಆಗಿದೆ ಅಂತ ರಿಲೇ ತಿಳ್ಕೊಂಡು ಲೈನ್ ಬಿಟ್ಬಿಡ್ತು. ಲೈನಲ್ಲಿ ದೋಷವೇ ಇರಲಿಲ್ಲ. ಅದರ ಹೊರೆ ಪಕ್ಕದ ಲೈನ್‌ಗಳ ಮೇಲೆ ಬಿತ್ತು, ಅವೂ ಒಂದೊಂದಾಗಿ ಬಿಟ್ವು, ಆಮೇಲೆ ಜನರೇಟರ್‌ಗಳು ತಮ್ಮ ಜೀವ ಉಳಿಸ್ಕೊಳ್ಳೋಕೆ ಬಿಟ್ವು. ಎಲ್ಲರೂ ತಂತಮ್ಮನ್ನ ಕಾಪಾಡ್ಕೊಂಡ್ರು, ಊರೆಲ್ಲ ಕತ್ತಲಾಯ್ತು. ಇದನ್ನ ಕುಸಿತ ಅನ್ನೋಕೆ ನಂಗೆ ಮನಸ್ಸು ಬರ್ತಿಲ್ಲ.

ಹೋದ ವಾರ ನಮ್ಮ ಸೋದರಮಾವನ ತೋಟಕ್ಕೆ ಹೋಗಿದ್ದೆ. ರಾತ್ರಿ ಪಾಳಿ ತ್ರೀ ಫೇಸ್, ಹನ್ನೊಂದೂವರೆ ಇರ್ಬೇಕು, ಮೋಟಾರ್ ಆನ್ ಆಗಿ ಪೈಪಲ್ಲಿ ಇನ್ನೂ ನೀರು ಬುಳುಬುಳು ಅಂತ ಬರ್ತಿತ್ತು, ಅಷ್ಟರಲ್ಲಿ ಡಬಕ್ ಅಂತ ಸ್ಟಾರ್ಟರ್ ಬಿತ್ತು. ಐದು ನಿಮಿಷಕ್ಕೆ ಮತ್ತೆ ಬಂತು, ಮತ್ತೆ ಹೋಯ್ತು. ಮಾವ ಬೀಡಿ ಹಚ್ಕೊಂಡು ‘ಎಲ್ಲಾ ಆಟೋದಲ್ಲಿ ಇಟ್ಟವ್ರೆ ನೋಡ್ಲಾ, ಕರೆಂಟ್ ಬಂದೇಟ್ಗೆ ಎಲ್ಲಾ ಮೋಟ್ರೂ ಒಂದೇ ಕಿತ ಏಳ್ತವೆ, ತಡೀತೈತಾ ಲೈನು?’ ಅಂದ. ಸರಿಯಾದ ಮಾತು. ಮೋಟಾರ್ ಸ್ಟಾರ್ಟ್ ಆಗೋವಾಗ ಎಳೆಯೋ ಕರೆಂಟು ಆಮೇಲೆ ಓಡೋವಾಗ ಎಳೆಯೋದಕ್ಕಿಂತ ಐದಾರು ಪಟ್ಟು ಇರುತ್ತೆ, ಒಂದು ಫೀಡರ್‌ನ ಬೋರ್‌ವೆಲ್‌ಗಳೆಲ್ಲ ಆಟೋ ಸ್ಟಾರ್ಟರ್‌ನಲ್ಲಿ ಒಟ್ಟಿಗೆ ಎದ್ರೆ ಮತ್ತೆ ಟ್ರಿಪ್. ಅಷ್ಟೊತ್ತಿಗೆ ಲೈನ್‌ಮ್ಯಾನ್‌ಗೆ ಯಾರೋ ಫೋನ್ ಹಚ್ಚಿದ್ರು, ಅವನು ಹೇಳಿದ್ದು ಇಷ್ಟೇ: ‘ಈ ಸಲ ಹೋಗಿರೋದಲ್ಲಣ್ಣ, ತೆಗ್ದವ್ರೆ.’

ನೋಡಿ ಇಲ್ಲೇ ಭಾಷೆ ಇದೆ. ‘ಹೋಯ್ತು’ ಬೇರೆ, ‘ತೆಗೆದ್ರು’ ಬೇರೆ. ಹೋಗೋದು ತಾನಾಗೇ, ತೆಗೆಯೋದು ಮನುಷ್ಯ, ಲೋಡ್ ಕಡಿಮೆ ಮಾಡೋಕೆ ಬೇಕಂತಲೇ. ಪಾವಗಡದಲ್ಲಿ ತೆಲುಗಲ್ಲಿ ಮಾತಾಡೋರೂ ಹಿಂಗೇ, ಪೋಯಿಂದಿ ಬೇರೆ, ತೀಸೇಸಿನಾರು ಬೇರೆ. ಇಷ್ಟು ಚೆನ್ನಾಗಿ ಜನ ಬೇರೆ ಮಾಡಿಟ್ಟಿರೋದನ್ನ ‘ನಾಳೆ ವಿದ್ಯುತ್ ವ್ಯತ್ಯಯ’ ಅಂತ ಪೇಪರಲ್ಲಿ ಹಾಕಿ ಎರಡನ್ನೂ ಕಲಸಿಬಿಡ್ತಾರೆ, ವ್ಯತ್ಯಯದಲ್ಲಿ ಮಾಡಿದೋರು ಯಾರು ಅಂತಲೇ ಇಲ್ಲ. ಆದ್ರೆ ನನ್ನ ಟ್ರಿಪ್ ಎರಡಕ್ಕೂ ಸೇರಲ್ಲ, ಅದು ತಾನಾಗೂ ಹೋಗಲ್ಲ, ಮನುಷ್ಯನೂ ತೆಗೆಯಲ್ಲ, ಲೈನೇ ತನ್ನನ್ನ ಬಿಡಿಸ್ಕೊಳ್ಳುತ್ತೆ.

ಮಾವಂಗೆ ಇದನ್ನೇ ಕೇಳ್ದೆ. ಅವನು ಎತ್ತು ಕಟ್ಟಿ ಬಾವಿಯಿಂದ ನೀರೆತ್ತೋ ಕಪಿಲೆ ಹೊಡೆದಿರೋ ಕಾಲದೋನು. ‘ಜೊತೆ ಎತ್ತಲ್ಲಿ ಒಂದು ನೊಗದಿಂದ ಕತ್ತು ತಪ್ಪಿಸ್ಕೊಂಡ್ರೆ ಇನ್ನೊಂದ್ರ ಮ್ಯಾಲೆ ಪೂರಾ ಭಾರ ಬೀಳ್ತೈತೆ, ಅದೂ ತಪ್ಪಿಸ್ಕೋತೈತೆ, ಕಪಿಲೆ ಹೋಗಿ ಬಾವಿಗೆ’ ಅಂದ. ಗ್ರಿಡ್ ಬಗ್ಗೆ ಇಂಜಿನಿಯರ್‌ಗಳು ಸರಣಿ ವೈಫಲ್ಯ ಅಂತ ಬರೆಯೋದು ಇದೇ ಅಲ್ವಾ.

ಇನ್ನೊಂದು ಪದದಲ್ಲೂ ಸಿಕ್ಕಾಕೊಂಡಿದೀನಿ, ‘ಜಡತ್ವ’. ಗ್ರಿಡ್ಡಲ್ಲಿ ಕರೆಂಟನ್ನ ಹಗೇವಿನಲ್ಲಿ ರಾಗಿ ತುಂಬಿಟ್ಟಂಗೆ ಇಡೋಕಾಗಲ್ಲ, ಬ್ಯಾಟರಿ, ನೀರು ಮೇಲೆತ್ತೋ ಪಂಪು ಏನೋ ಸ್ವಲ್ಪ ಬಿಟ್ರೆ ಈ ಕ್ಷಣ ಎಷ್ಟು ಬೇಕೋ ಅಷ್ಟೂ ಈ ಕ್ಷಣವೇ ಹುಟ್ಬೇಕು. ದೇಶದ ಅಷ್ಟೂ ದೊಡ್ಡ ಜನರೇಟರ್‌ಗಳು 50 ಹರ್ಟ್ಜ್ ತಾಳಕ್ಕೆ ಒಟ್ಟಿಗೆ ತಿರುಗ್ತಿರುತ್ವೆ, ರಾಯಚೂರಿಂದು ಮಿನಿಟ್ಟಿಗೆ 3000 ಸುತ್ತು ಅಂದ್ರೆ ಪಂಜಾಬಿನ ಅಂಥದ್ದೇ ಮಿಷನ್ನೂ 3000. ಬಳಕೆ ಏರಿದ್ರೆ ಎಲ್ಲವೂ ಒಟ್ಟಿಗೆ ನಿಧಾನ ಆಗುತ್ವೆ, 49.90ರಿಂದ 50.05ರೊಳಗೆ ಇಟ್ಕೊಳ್ಬೇಕು ಅಂತ ನಿಯಮ, ತೀರಾ ಇಳಿದ್ರೆ ರಿಲೇಗಳೇ ಊರೂರಿನ ಫೀಡರ್ ಕಿತ್ತಾಕುತ್ವೆ. ಆ ಇಳಿಯೋದನ್ನ ಮೊದಲ ಕೆಲವು ಸೆಕೆಂಡು ತಡೆಯೋದು ತಿರುಗ್ತಿರೋ ಕಬ್ಬಿಣದ ತೂಕ. ಅದಕ್ಕೆ ಪುಸ್ತಕದ ಕನ್ನಡ ಜಡತ್ವ. ನಮ್ಮಲ್ಲಿ ಜಡ ಅಂದ್ರೆ ಮೈಗಳ್ಳತನ, ಜಡ್ಡು ಅಂದ್ರೆ ಕಾಯಿಲೆ, ಇಲ್ಲಿ ನೋಡಿದ್ರೆ ಅದೇ ಗ್ರಿಡ್ಡನ್ನ ಉಳಿಸೋ ಗುಣ! ರಾಗಿ ಮಿಷನ್ನಿಗೆ ಹೋಗಿದೀರಲ್ಲ, ಕರೆಂಟ್ ಹೋದ್ಮೇಲೂ ಬೆಲ್ಟ್ ಪಟಪಟ ಅಂತ ಇನ್ನೊಂದಷ್ಟು ಹೊತ್ತು ಓಡುತ್ತೆ, ಮಿಷನ್ನೋನು ಅಷ್ಟರೊಳಗೆ ಬಾಯಲ್ಲಿರೋ ಕೊನೇ ಹಿಡಿ ರಾಗಿ ಇಳಿಸಿಬಿಡ್ತಾನೆ. ಆ ಓಟಕ್ಕೆ ಅವನು ‘ದಮ್ಮು’ ಅಂತಾನೆ, ‘ಕಲ್ಲಲ್ಲಿ ಇನ್ನೂ ದಮ್ಮೈತೆ’. ನಂಗೆ ಜಡತ್ವಕ್ಕಿಂತ ದಮ್ಮೇ ಸರಿ ಅನ್ಸುತ್ತೆ, ಮೇಷ್ಟ್ರು ಒಪ್ತಾರೋ ಇಲ್ವೋ. ನಮ್ಮ ಜಿಲ್ಲೆಯ ಮಕ್ಕಳಿಗಂತೂ ಇದು ಹತ್ತಿರದ ವಿಷಯ, ಪಾವಗಡದ ಸೋಲಾರ್ ಪಾರ್ಕು 13,000 ಎಕರೆ, 2,050 ಮೆಗಾವ್ಯಾಟ್, ಅಲ್ಲಿ ತಿರುಗೋದು ಏನೂ ಇಲ್ಲ, ಅಂದ್ರೆ ದಮ್ಮಿಲ್ಲ, ಬ್ಯಾಟರಿ ಇನ್ವರ್ಟರ್ ಇಟ್ಟು ಬೇರೆ ದಾರಿಯಲ್ಲಿ ಅದನ್ನ ತುಂಬಿಕೊಡ್ಬೇಕು. ಸೋಲಾರ್ ಬೇಡ ಅಂತಲ್ಲ ಮತ್ತೆ, ಯಾರಾದ್ರೂ ಆ ಜಗಳ ಇಲ್ಲಿಗೆ ತರ್ತೀರ ಅಂತ ಮುಂಚೇನೇ ಹೇಳ್ತಿದೀನಿ.

ಸೋಲಾರ್ ಅಂದಾಗ ನೆನಪಾಯ್ತು, ದಿಕ್ಕು ಬದಲಿಸ್ತಾ ಹರಿಯೋ ಎಸಿ ಕರೆಂಟಿಗೆ ಪಠ್ಯದಲ್ಲಿ ‘ಪರ್ಯಾಯ ವಿದ್ಯುತ್’, ಒಂದೇ ದಿಕ್ಕಿಗೆ ಹರಿಯೋ ಡಿಸಿಗೆ ‘ನೇರ ವಿದ್ಯುತ್’. ಸೋಲಾರ್, ಗಾಳಿಗೆ ‘ಪರ್ಯಾಯ ಇಂಧನ’. ಒಬ್ಬ ಹುಡುಗ ಪಾವಗಡದಲ್ಲಿ ಹುಟ್ಟೋದು ಪರ್ಯಾಯ ವಿದ್ಯುತ್ ಅಂತ ಬರೆದಿದ್ನಂತೆ, ಪ್ಯಾನೆಲ್ಲಲ್ಲಿ ಹುಟ್ಟೋದು ಡಿಸಿ ಆದ್ರಿಂದ ಮೇಷ್ಟ್ರು ಕೆಂಪು ಗೀಟು ಎಳೆದ್ರಂತೆ. ತಪ್ಪು ಹುಡುಗಂದಲ್ಲ ಬಿಡಿ. ಎಸಿ ಡಿಸಿ ಅಂತಲೇ ಇರ್ಲಿ.

ಇನ್ನು ಗ್ರಿಡ್ಡಿಗಿರೋ ಕಂಟಕಗಳ ಭಾಗ ಬೇಗ ಮುಗಿಸ್ತೀನಿ, ಅಲ್ಲಿ ಪದದ ತೊಂದರೆ ಕಮ್ಮಿ. 2003ರ ಆಗಸ್ಟಲ್ಲಿ ಅಮೆರಿಕ, ಕೆನಡಾದ ಸುಮಾರು 5 ಕೋಟಿ ಜನಕ್ಕೆ ಕರೆಂಟ್ ಹೋಗಿದ್ದು ಒಹಾಯೋದಲ್ಲಿ ಲೋಡಿಗೆ ಕಾದು ಇಳಿದ ತಂತಿಗಳು ಮರಕ್ಕೆ ತಗುಲಿದ್ರಿಂದ ಶುರು, ಜೊತೆಗೆ ಕಂಟ್ರೋಲ್ ರೂಮಿನ ಅಲಾರಂ ಸಾಫ್ಟ್‌ವೇರ್ ಕೆಟ್ಟಿತ್ತು. ತಂತಿ ಇಳಿಯೋದಕ್ಕೆ ನಮ್ಮಲ್ಲಿ ‘ಜೋಲು ಬಿದ್ದೈತೆ’ ಅಂತ ಒಳ್ಳೇ ಮಾತಿದೆ, ಹಂಗೇ ಬರೆದೆ. 1989ರಲ್ಲಿ ಕೆನಡಾದ ಕ್ವಿಬೆಕ್ ಗ್ರಿಡ್ ಸೂರ್ಯನಿಂದ ಎದ್ದ ಕಾಂತ ಬಿರುಗಾಳಿಗೆ ಒಂದೂವರೆ ನಿಮಿಷದಲ್ಲಿ ಕತ್ತಲಾಯ್ತು. 2015ರ ಡಿಸೆಂಬರಲ್ಲಿ ಉಕ್ರೇನಲ್ಲಿ ಹ್ಯಾಕರ್‌ಗಳು ದೂರದಿಂದಲೇ ಬ್ರೇಕರ್ ತೆರೆದ್ರು, ಲೈನ್‌ಮ್ಯಾನ್ ಮಾತಲ್ಲಿ ಹೇಳೋದಾದ್ರೆ ಅದು ‘ತೆಗೆದ್ರು’ನೇ, ತೆಗೆದೋರು ಮಾತ್ರ ಬೇರೆ.

ಆದ್ರೆ ‘ಬ್ಲ್ಯಾಕ್ ಸ್ಟಾರ್ಟ್’ಗೆ ನಂಗೆ ಒಂದು ಹೊಳೆದಿದೆ, ಹೇಗಿದೆ ಹೇಳಿ. ಗ್ರಿಡ್ ಪೂರ್ತಿ ಆರಿಹೋದ್ಮೇಲೆ ಕಲ್ಲಿದ್ದಲ ಸ್ಥಾವರ ತಾನಾಗಿ ಏಳಲ್ಲ, ಅದರ ಫ್ಯಾನು, ಪಂಪು, ಕಲ್ಲಿದ್ದಲು ಅರೆಯೋ ಮಿಲ್ಲು ಎಲ್ಲಕ್ಕೂ ಮೊದಲು ಹೊರಗಿಂದ ಕರೆಂಟ್ ಬೇಕು. ಸಣ್ಣ ಡೀಸೆಲ್ ಸೆಟ್ ಇದ್ರೂ ಏಳೋದು ನೀರಿನ ಸ್ಥಾವರ, ಅದು ಎದ್ದು ಪಕ್ಕದವರಿಗೆ ಕೊಡುತ್ತೆ, ಅವರು ಮುಂದಿನವರಿಗೆ. ನಮ್ಮಜ್ಜಿ ಬೆಳಿಗ್ಗೆ ಒಲೆ ಆರಿದ್ರೆ ಪಕ್ಕದ ಮನೆಗೆ ಕರಟ ಹಿಡ್ಕೊಂಡು ಕೆಂಡ ತರೋಕೆ ಕಳಿಸ್ತಿದ್ಲು. ಊರಿನ ಒಲೆಯೆಲ್ಲ ಆರಿದ್ರೆ ಯಾರಾದ್ರೂ ಒಬ್ರು ಚಕಮಕಿ ಉಜ್ಜಲೇಬೇಕಲ್ಲ, ಅದಕ್ಕೇ ‘ಮೊದಲ ಕೆಂಡ’ ಅಂತ ಬರೆದಿದೀನಿ.

ಈಗ ಟ್ರಿಪ್ಪಿಗೆ ವಾಪಸ್. ‘ಲೈನ್ ಬಿತ್ತು’ ಬೇಡವೇ ಬೇಡ, ನಮ್ಮಲ್ಲಿ ಲೈನ್ ಬಿತ್ತು ಅಂದ್ರೆ ತಂತಿ ಹರಿದು ನೆಲದ ಮೇಲಿದೆ, ಹತ್ರ ಹೋಗಬೇಡಿ ಅಂತ ಅರ್ಥ. ‘ಕಡಿತ’ ತೆಗೆಯೋದಕ್ಕೆ ಹೋಗಿಬಿಟ್ಟಿದೆ. ‘ಕಳಚಿಕೊಳ್ತು’ ಚೆನ್ನಾಗಿದೆ ಅನ್ಕೊಂಡೆ, ಆದ್ರೆ ಅಂಗಿ ಗುಂಡಿ ಕಳಚಿಕೊಂಡಂಗೆ, ಸಡಿಲ ಇತ್ತು ಅನ್ನೋ ಅರ್ಥ ನುಸುಳುತ್ತೆ. ಸದ್ಯಕ್ಕೆ ‘ಬಿಡಿಸಿಕೊಳ್ತು’ ಹತ್ರ ನಿಂತಿದೀನಿ: ‘ಹೊರೆ ತಾಳಲಾರದೆ ಲೈನು ತನ್ನನ್ನು ಬಿಡಿಸಿಕೊಂಡಿತು.’ ಸ್ವಲ್ಪ ಉದ್ದ. ಮಾವನ ‘ಕತ್ತು ತಪ್ಪಿಸ್ಕೊಳ್ತು’ ಇನ್ನೂ ಚೆಂದ, ಆದ್ರೆ ನೊಗ ನೋಡದ ಮಕ್ಕಳಿಗೆ ಹತ್ತುತ್ತಾ?

ಕೋಲಾರದೋರನ್ನ ವಿಶೇಷವಾಗಿ ಕೇಳ್ತಿದೀನಿ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ 147 ಕಿಲೋಮೀಟರ್ ಲೈನ್ ಎಳೆದು ಕರೆಂಟ್ ತಂದ್ರು, ಬೆಂಗಳೂರಿಗೆ ಬಂದಿದ್ದೇ ಮೂರು ವರ್ಷ ಆದ್ಮೇಲೆ. ಅಷ್ಟು ಹಿಂದಿಂದ ಆ ಲೈನ್ ನೋಡ್ಕೊಂಡ ಕೆಲಸಗಾರರು ಅದು ಬಿಟ್ಟಾಗ ಏನೋ ಒಂದು ಅಂದೇ ಅಂದಿರ್ತಾರೆ, ತಮಿಳು ತೆಲುಗು ಬೆರೆತಿದ್ರೂ ಪರವಾಗಿಲ್ಲ, ಮನೇಲಿ ಹಿರಿಯರಿದ್ರೆ ಕೇಳಿ ಹೇಳಿ. ಇನ್ನೊಂದು, ಒಡಿಶಾದ ತಾಲ್ಚೇರಿಂದ ಕೋಲಾರಕ್ಕೆ ಸುಮಾರು 1,400 ಕಿಲೋಮೀಟರ್ ಡಿಸಿ ಲೈನ್ ಬಂದು ಮುಟ್ಟುತ್ತಲ್ಲ, 2012ರಲ್ಲಿ ದಕ್ಷಿಣ ಉಳಿದಿದ್ದು ನಾವು ಉತ್ತರದ ಜೊತೆ ತಾಳ ಹಾಕದೆ ಇಂಥ ಡಿಸಿ ಕೊಂಡಿಗಳಿಂದ ಮಾತ್ರ ಸೇರ್ಕೊಂಡಿದ್ರಿಂದ, 2013ರ ಡಿಸೆಂಬರ್ 31ಕ್ಕೆ ರಾಯಚೂರು-ಸೊಲ್ಲಾಪುರ ಲೈನ್ ಬಂದ್ಮೇಲೆ ನಾವೂ ಅದೇ ನೊಗಕ್ಕೆ ಬಿದ್ವಿ. ಈ ಡಿಸಿ ಸ್ಟೇಷನ್ನಿಗೆ ಅಲ್ಲಿನ ಸುತ್ತಲ ಹಳ್ಳಿಯೋರು ಏನಂತಾರೆ?

ಸೋಮವಾರ ಮೇಷ್ಟ್ರಿಗೆ ಕೊಡ್ಬೇಕು, ಭಾನುವಾರ ರಾತ್ರಿಯೊಳಗೆ ಬರೆದ್ರೆ ಉಪಕಾರ. ಕರೆಂಟ್ ಇದ್ರೆ ನೋಡ್ತೀನಿ.